ಕೊನೆಯ ಸಾಲಿನ ಉಸಿರು

ಮೈಸೂರಿನಲ್ಲಿ ಯೋಗ ಕಲಿಸುವವರು ಬೀದಿಗೊಬ್ಬರು ಸಿಗುತ್ತಾರೆ. ಗೋಕುಲಂ ಕಡೆ ಹೋದರೆ ಸುತ್ತಿದ ಮ್ಯಾಟನ್ನು ಹೆಗಲಿಗೆ ಹಾಕಿಕೊಂಡ ವಿದೇಶಿಯರು ಎಳನೀರು ಗಾಡಿಯ ಮುಂದೆ ನಿಂತಿರುತ್ತಾರೆ. ಸರಸ್ವತಿಪುರಂ, ಕುವೆಂಪುನಗರ, ವಿದ್ಯಾರಣ್ಯಪುರಂ ಕಡೆ ನಸುಕಿನಲ್ಲಿ ಹೊರಟರೆ ಭಜನಾ ಮಂದಿರಗಳ, ಸಮುದಾಯ ಭವನಗಳ ದೀಪ ಆಗಲೇ ಹೊತ್ತಿರುತ್ತದೆ. ಬಾಗಿಲ ಹೊರಗೆ ಹವಾಯಿ ಚಪ್ಪಲಿಗಳ ಸಾಲು, ಒಳಗೆ ಜಮಖಾನ, ಅದರ ಮೇಲೆ ನಮ್ಮದೇ ಬಡಾವಣೆಯ ಜನ. ನಾನು ಈ ಎರಡನೆಯ ಲೋಕದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಗಲೇ ಬೆಳಗಿನ ಈ ಕೆಲಸ ಹಿಡಿದೆ. ನಿವೃತ್ತಿಯಾದ ಮೇಲೂ ಅದೇ ನನ್ನ ದಿನವನ್ನು ಶುರುಮಾಡುತ್ತಿದೆ.

ಈ ಊರಿನಲ್ಲಿ ಯೋಗ ಕಲಿಸುವವರಿಗೆ ಬೆನ್ನ ಹಿಂದೆ ದೊಡ್ಡವರು ನಿಂತಿದ್ದಾರೆ ಎಂಬ ಭಾವನೆ ಇದ್ದೇ ಇರುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಹೊರಬಂತು. ಅವರ ಬಳಿ ಕಲಿತವರಲ್ಲಿ ಹಾಸನದ ಸೀಮೆಯಿಂದ ಬಂದ ಪಟ್ಟಾಭಿ ಜೋಯಿಸರು ಒಬ್ಬರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇನ್ನೊಬ್ಬರು. ಜೋಯಿಸರು ಉಸಿರಿಗೂ ಚಲನೆಗೂ ಗಂಟು ಹಾಕಿ, ಒಂದಾದ ಮೇಲೊಂದು ಆಸನ ಹರಿದು ಬರುವಂತೆ ಕಲಿಸಿದರು. ಬಾಲ್ಯದಲ್ಲಿ ಕಾಯಿಲೆಯಿಂದ ನವೆದಿದ್ದ ಅಯ್ಯಂಗಾರ್ ಪುಣೆಗೆ ಹೋಗಿ ನೆಲೆಸಿ, ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಪಟ್ಟಿಗಳ ಆಸರೆಯಿಂದ ಎಂಥ ದೇಹವನ್ನೂ ಆಸನಕ್ಕೆ ಕರೆದೊಯ್ಯುವ ದಾರಿ ಹುಡುಕಿದರು. ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ ಚೆನ್ನೈನಲ್ಲಿ, ಎದುರಿಗೆ ಕುಳಿತ ಒಬ್ಬರಿಗೆ ಒಪ್ಪುವಂತೆ ಪಾಠ ಕಟ್ಟುವ ಕ್ರಮವನ್ನು ಬೆಳೆಸಿದರು. ಒಬ್ಬರೇ ಗುರು, ಮೂರು ಬಗೆಯ ಕಲಿಸುವಿಕೆ. ಇದನ್ನು ಓದಿ ತಿಳಿದಾಗ ನನಗೆ ಧೈರ್ಯ ಬಂದಿತ್ತು. ಗುರುವಿನಿಂದ ಪಡೆದದ್ದನ್ನು ಎದುರಿಗಿರುವವರ ಮೈಗೆ ತಕ್ಕಂತೆ ಮಾರ್ಪಡಿಸುವುದು ಪರಂಪರೆಗೆ ಹೊರಗಿನ ಕೆಲಸವಲ್ಲ ಎಂದು ಮನಸ್ಸಿಗೆ ಗಟ್ಟಿಯಾಯಿತು.

ನನಗೆ ಕಲಿಸಿದ ಗುರುಗಳು ಈ ಹೆಸರಾಂತ ಸಾಲಿಗೆ ಸೇರಿದವರಲ್ಲ. ಅವರು ಹುಡುಗರಾಗಿದ್ದಾಗ ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದಲ್ಲಿ ಯೋಗ ಕಲಿತವರು. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಲ್ಲಿನ ರಾಘವೇಂದ್ರ ಸ್ವಾಮೀಜಿಯವರು ನಾಡಿನ ಊರೂರಿನಲ್ಲಿ ವ್ಯಾಯಾಮ, ಯೋಗದ ಶಿಬಿರ ನಡೆಸಿ ಸಾವಿರಾರು ಜನರನ್ನು ತಯಾರು ಮಾಡಿದರಲ್ಲ, ಅವರ ಕೈಯಲ್ಲಿ ಪಳಗಿದವರು. ಯೋಗ ಕಲಿಸಿ ಹಣ ತೆಗೆದುಕೊಳ್ಳಬಾರದು ಎಂಬುದು ನನ್ನ ಗುರುಗಳ ಕಟ್ಟುನಿಟ್ಟು. ನಾನೂ ಕಲಿಸಬೇಕೆಂದಿದ್ದೇನೆ ಎಂದಾಗ ಅವರು ಆಸನಗಳ ಪಟ್ಟಿ ಕೊಡಲಿಲ್ಲ, ಪುಸ್ತಕ ಹೆಸರಿಸಲಿಲ್ಲ. ‘ನಾಳೆಯಿಂದ ನೀನು ಆಸನ ಮಾಡಬೇಡಮ್ಮ. ಹಿಂದೆ ಗೋಡೆ ಹತ್ರ ನಿಂತ್ಕೊಂಡು ನೋಡು’ ಎಂದರು.

ತಿಂಗಳುಗಟ್ಟಲೆ ಹಾಗೆ ನಿಂತು ನೋಡಿದೆ. ಪಾಠ ಮುಗಿದು ಜನ ಚಪ್ಪಲಿ ಹಾಕಿಕೊಂಡು ಹೋದ ಮೇಲೆ ಗುರುಗಳು ಜಮಖಾನ ಮಡಿಸುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಇವತ್ತು ಯಾರ್ ಯಾರು ಉಸಿರು ಹಿಡಿದಿದ್ರು?’ ಮೊದಮೊದಲು ನನ್ನ ಕಣ್ಣಿಗೆ ಬೀಳುತ್ತಿದ್ದುದು ಮೊಣಕಾಲು, ಮೊಣಕೈ, ಬಾಗಿದ ಬೆನ್ನು ಇಷ್ಟೇ. ಬರಬರುತ್ತಾ ಬೇರೆಯದೇ ಕಾಣತೊಡಗಿತು. ಉಸಿರು ಕಟ್ಟಿದವರ ಕೆಳದವಡೆ ಬಿಗಿಯುತ್ತದೆ. ಹುಬ್ಬು ಗಂಟಾಗುತ್ತದೆ. ಕುತ್ತಿಗೆಯ ನರ ಎದ್ದು ಕಾಣುತ್ತದೆ. ಪಾದದ ಬೆರಳುಗಳು ಜಮಖಾನವನ್ನು ಹಿಡಿದುಕೊಂಡಂತೆ ಮುದುರುತ್ತವೆ. ಪಶ್ಚಿಮೋತ್ತಾನಾಸನದಲ್ಲಿ ಹಣೆಯನ್ನು ಮಂಡಿಗೆ ಮುಟ್ಟಿಸಿ ಎಲ್ಲರ ಮೆಚ್ಚುಗೆ ಪಡೆದವರ ಪಕ್ಕೆ ಅಲ್ಲಾಡದೆ ನಿಂತಿರುತ್ತದೆ. ಪಕ್ಕದಲ್ಲಿ ಕೈ ಮೀನಖಂಡದವರೆಗೂ ಹೋಗದವರ ಬೆನ್ನು ಉಸಿರಿಗೆ ಸರಿಯಾಗಿ ಏರಿ ಇಳಿಯುತ್ತಿರುತ್ತದೆ. ಆಸನ ನಿಜವಾಗಿ ನಡೆಯುತ್ತಿರುವುದು ಯಾರಲ್ಲಿ ಎಂದು ಹೊರಗಿನ ಆಕಾರ ನೋಡಿ ಹೇಳಲಾಗದು. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನಕ್ಕೆ ಸಂಬಂಧಿಸಿದವು ಮೂರೇ ಮೂರು. ಕಾಲು ಎಲ್ಲಿರಬೇಕು, ಕೈ ಎಲ್ಲಿರಬೇಕು ಎಂಬ ಮಾತು ಅವುಗಳಲ್ಲಿ ಇಲ್ಲವೇ ಇಲ್ಲ. ಸ್ಥಿರತೆ, ಸುಖ, ಪ್ರಯತ್ನ ಸಡಿಲವಾಗುವುದು, ಇಂಥ ಮಾತುಗಳಿವೆ. ಗೋಡೆಗೆ ಒರಗಿ ನೋಡಿದ ಆ ತಿಂಗಳುಗಳಲ್ಲಿ ಸೂತ್ರಗಳು ನನಗೆ ಜನರ ಮೈಯಲ್ಲೇ ಓದಲು ಸಿಕ್ಕವು.

ಪಾಠದ ಸಿದ್ಧತೆ ಹಿಂದಿನ ಸಂಜೆಯೇ ಶುರುವಾಗುತ್ತದೆ. ಶಾಲೆಯಲ್ಲಿ ಪಾಠ ಟಿಪ್ಪಣಿ ಬರೆದ ಅಭ್ಯಾಸದಿಂದ ಇದಕ್ಕೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಬರೆಯುವುದು ಮಾತ್ರ ಕೆಳಗಿನಿಂದ ಮೇಲಕ್ಕೆ. ಪುಟದ ಕೊನೆಯ ಸಾಲಿನಲ್ಲಿ ಮೊದಲು ‘ಶವಾಸನ, 10 ನಿಮಿಷ’ ಎಂದು ಬರೆಯುತ್ತೇನೆ. ಹಠಯೋಗ ಪ್ರದೀಪಿಕೆ ವಿವರಿಸುವ ಹದಿನೈದು ಆಸನಗಳಲ್ಲಿ ಶವಾಸನವೂ ಒಂದು. ಆದರೂ ಹೊತ್ತು ಮೀರಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಅದಕ್ಕಾಗಿ ಅದರ ಜಾಗವನ್ನು ಮೊದಲೇ ಕಾಯ್ದಿರಿಸುತ್ತೇನೆ. ಅದರ ಮೇಲಿನ ಸಾಲಿನಲ್ಲಿ ಶವಾಸನಕ್ಕೆ ಮೈಯನ್ನು ಹದ ಮಾಡುವ ಆಸನಗಳು: ಪವನಮುಕ್ತಾಸನ, ಮಲಗಿ ಮಾಡುವ ಹಗುರ ತಿರುವು. ಅದರ ಮೇಲೆ ಆ ದಿನದ ಮುಖ್ಯ ಆಸನ. ಅದಕ್ಕೂ ಮೇಲೆ, ಆ ಆಸನಕ್ಕೆ ಯಾವ ಕೀಲು, ಯಾವ ಸ್ನಾಯು ಸಿದ್ಧವಾಗಬೇಕೋ ಅದಕ್ಕೆ ತಕ್ಕ ಶಿಥಿಲೀಕರಣ ವ್ಯಾಯಾಮ.

ಭುಜಂಗಾಸನವನ್ನೇ ತೆಗೆದುಕೊಳ್ಳಿ. ನೋಡಲು ಸುಲಭ, ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತಿದರೆ ಆಯಿತು ಎನಿಸುತ್ತದೆ. ಆದರೆ ದಿನವಿಡೀ ಮುಂದಕ್ಕೆ ಬಾಗಿ ದುಡಿದವರ ಬೆನ್ನಿನ ಮೇಲ್ಭಾಗ ಬಾಗಲು ಒಪ್ಪುವುದಿಲ್ಲ. ಆಗ ಇಡೀ ಭಾರ ಸೊಂಟದ ಮೇಲೆ ಬೀಳುತ್ತದೆ. ನಮ್ಮ ತರಗತಿಗೆ ಬರುವ ಒಬ್ಬ ದರ್ಜಿ ಹಗಲೆಲ್ಲ ಮಿಷನ್ ಮುಂದೆ ಬಗ್ಗಿ ಕೂರುವವರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ದಿನದ ಪಾಠ ಬರೆದೆ. ಮೊದಲು ಭುಜ ತಿರುಗಿಸುವುದು, ಆಮೇಲೆ ಗೋಡೆಗೆ ಅಂಗೈ ಊರಿ ಎದೆ ಚಾಚುವುದು, ನಂತರ ಬೆನ್ನುಮೂಳೆಯ ಉದ್ದಕ್ಕೆ ಟವೆಲಿನ ಸುರುಳಿ ಇಟ್ಟುಕೊಂಡು ಅಂಗಾತ ಮಲಗುವುದು. ಇಷ್ಟಾದ ಮೇಲೆ ಭುಜಂಗಾಸನ. ಅದು ಮುಗಿದ ಕೂಡಲೇ ಬೆನ್ನು ಇನ್ನೊಂದು ಕಡೆಗೆ ಬಾಗಲು ಶಶಾಂಕಾಸನ. ಸುರುಳಿಯ ಮೇಲೆ ಮಲಗಿದ್ದಾಗ ಆ ದರ್ಜಿಯ ಕಾಲರ್ ಮೂಳೆಗಳ ಕೆಳಗೆ, ಅಲ್ಲಿಯವರೆಗೆ ಮಿಸುಕದ ಜಾಗದಲ್ಲಿ, ಉಸಿರು ಬಂದು ಹೋದದ್ದು ಅಂಗಿಯ ಮೇಲಿಂದಲೇ ಕಂಡಿತು.

ನೋಟ್‌ಬುಕ್ಕಿನ ಎಡಪುಟ ಜನರಿಗೆ ಮೀಸಲು. ಯಾರಿಗೆ ಬಿ.ಪಿ., ಯಾರಿಗೆ ಗ್ಲಾಕೋಮ, ಯಾರಿಗೆ ಹರ್ನಿಯಾ, ಯಾರು ಗರ್ಭಿಣಿ, ಯಾರ ಮೂಳೆ ಸವೆದಿದೆ, ಯಾರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ರಕ್ತದೊತ್ತಡ ಹೆಚ್ಚಿರುವವರು, ಗರ್ಭಿಣಿಯರು ಕಪಾಲಭಾತಿ ಮಾಡಬಾರದು. ಗ್ಲಾಕೋಮ ಇರುವವರು ತಲೆ ಕೆಳಗಾಗುವ ಆಸನಗಳಿಂದ ದೂರ ಇರಬೇಕು. ಮೂಳೆ ಸವೆದವರು ಬೆನ್ನು ಗೂನು ಮಾಡಿ ಆಳವಾಗಿ ಮುಂದಕ್ಕೆ ಬಾಗಬಾರದು. ಇವರಿಗೆ ‘ನೀವು ಇದನ್ನು ಮಾಡಬೇಡಿ’ ಎಂದಷ್ಟೇ ಹೇಳಿ ಸುಮ್ಮನೆ ಕೂರಿಸುವುದು ನನಗೆ ಸರಿಬರಲಿಲ್ಲ. ‘ಅದರ ಬದಲು ಏನು’ ಎಂಬುದು ಬಲಪುಟದಲ್ಲಿ ಆ ಆಸನದ ಪಕ್ಕದಲ್ಲೇ ಬರೆದಿರಬೇಕು. ಬರೆದಿಲ್ಲವಾದರೆ ಆ ಆಸನ ಆ ದಿನದ ಪಾಠಕ್ಕೆ ಸೇರುವುದಿಲ್ಲ.

ಇನ್ನು ಮಾತಿನ ಸಿದ್ಧತೆ. ಎದುರಿಗೆ ನಿಂತು ಕಲಿಸುವವರು ಬಾಯಲ್ಲಿ ‘ಬಲಗೈ’ ಎನ್ನುವಾಗ ತಮ್ಮ ಎಡಗೈ ಎತ್ತಬೇಕು, ಕನ್ನಡಿಯಂತೆ. ಮನೆಯ ಬೀರುವಿನ ಕನ್ನಡಿಯ ಮುಂದೆ ತ್ರಿಕೋನಾಸನ, ವಕ್ರಾಸನಗಳನ್ನು ಹೀಗೆ ತಿರುವುಮುರುವಾಗಿ ಹೇಳಿಕೊಂಡು ನಾಲಿಗೆಗೆ ಕೂರಿಸಿಕೊಂಡೆ. ಸೂಚನೆ ಚಿಕ್ಕದಾಗಿರಬೇಕು, ಒಂದು ಸಲಕ್ಕೆ ಒಂದೇ ಇರಬೇಕು, ಮೊದಲು ಉಸಿರು ಆಮೇಲೆ ಚಲನೆ ಬರಬೇಕು. ‘ಉಸಿರು ತೆಗೆದುಕೊಳ್ಳುತ್ತಾ ಕೈ ಮೇಲಕ್ಕೆ’ ಎಂದರೆ ಮೈ ಉಸಿರನ್ನು ಹಿಂಬಾಲಿಸುತ್ತದೆ. ‘ಕೈ ಮೇಲಕ್ಕೆತ್ತಿ, ಉಸಿರು ತೆಗೆದುಕೊಳ್ಳಿ’ ಎಂದರೆ ಕೈ ಮೊದಲು ಹಾರಿ ಉಸಿರು ಹಿಂದೆ ಉಳಿಯುತ್ತದೆ. ಹಿಮ್ಮಡಿ, ಅಂಗಾಲು, ಪಕ್ಕೆಲುಬು, ಕಿಬ್ಬೊಟ್ಟೆ, ತೊಡೆಸಂದು ಮುಂತಾಗಿ ನಮ್ಮ ಜನ ದಿನವೂ ಆಡುವ ಮಾತುಗಳನ್ನೇ ಬಳಸಿದರೆ ತೋರಿಸುವ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ಕೇಳಿಯೇ ಮಾಡಬಲ್ಲವರು ಕಣ್ಣು ಮುಚ್ಚಬಲ್ಲರು. ಅವರು ಕಣ್ಣು ಮುಚ್ಚಿದಾಗ ನಾನು ನನ್ನ ಜಾಗ ಬಿಟ್ಟು ಅವರ ನಡುವೆ ಓಡಾಡಬಲ್ಲೆ.

ಇಷ್ಟೆಲ್ಲ ಸಿದ್ಧತೆಯ ನಿಜವಾದ ಅರ್ಥವನ್ನು ತಿಳಿಸಿಕೊಟ್ಟವರು ನಮ್ಮ ಪಕ್ಕದ ರಸ್ತೆಯ ಒಬ್ಬ ಅಜ್ಜಿ. ಜೀವಮಾನವೆಲ್ಲ ಸೀರೆಯಲ್ಲೇ ಕಳೆದವರು, ಯೋಗಕ್ಕೆಂದು ಮೊದಲ ಬಾರಿಗೆ ಚೂಡಿದಾರ ಹೊಲಿಸಿಕೊಂಡು, ಅದರ ಮೇಲೆ ಶಾಲು ಹೊದ್ದು ಬಂದಿದ್ದರು. ಬಾಗಿಲಲ್ಲೇ ನಿಂತು, ‘ಮೇಡಂ, ಎರಡೂ ಮಂಡಿ ಆಪರೇಷನ್ ಆಗಿದೆ. ಕೆಳಗೆ ಕೂರಬೇಡಿ ಅಂದಿದ್ದಾರೆ ಡಾಕ್ಟ್ರು. ಒಂದು ಮೂಲೇಲಿ ಕೂತು ನೋಡ್ಕೊಂಡು ಹೋಗ್ಲಾ?’ ಎಂದರು.

‘ಇವತ್ತು ನೋಡಿ ಅಮ್ಮ. ನಾಳೆ ಕುರ್ಚೀಲಿ ಕೂತೇ ಮಾಡೋಣ’ ಎಂದೆ.

ಆ ಮಧ್ಯಾಹ್ನ ಊಟದ ಮೇಜಿನ ಕುರ್ಚಿಯನ್ನು ಹಾಲಿಗೆ ಎಳೆದುಕೊಂಡು ಒಂದೊಂದೇ ಆಸನ ಮಾಡಿ ನೋಡಿದೆ. ಕುರ್ಚಿಗೆ ಕೈ ಇರಬಾರದು. ಬೆನ್ನು ಒರಗದಂತೆ ಮುಂದಕ್ಕೆ ಸರಿದು ಕೂರಬೇಕು. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತಾಗದಿದ್ದರೆ ಕೆಳಗೆ ಮಡಿಸಿದ ಜಮಖಾನ. ಭಜನಾ ಮಂದಿರದ ಪ್ಲಾಸ್ಟಿಕ್ ಕುರ್ಚಿಗಳು ನಮ್ಮ ನುಣುಪಾದ ಕೆಂಪು ನೆಲದ ಮೇಲೆ ಜಾರುತ್ತವೆ, ಕಾಲು ಅಗಲಿಸುತ್ತವೆ. ಹಾಗಾಗಿ ಶಾಮಿಯಾನದವರಿಂದ ಮಡಚುವ ಕಬ್ಬಿಣದ ಕುರ್ಚಿಗಳನ್ನು ತರಿಸಿ ಗೋಡೆಗೆ ತಾಗಿಸಿ ಹಾಕಿಸಿದೆ. ಅಜ್ಜಿಗೊಂದೇ ಅಲ್ಲ, ಬರುವ ಎಲ್ಲರಿಗೂ.

ಮರುದಿನ ಇಡೀ ತರಗತಿ ಕುರ್ಚಿಯ ಮೇಲೆ ನಡೆಯಿತು. ಕುಳಿತೇ ಕೈ ಮೇಲೆತ್ತಿ ತಾಡಾಸನ. ಒಂದು ಕೈ ಕುರ್ಚಿಯ ಬೆನ್ನಿಗೆ ಹಿಡಿದು ತಿರುವು. ತೊಡೆಯ ಮೇಲೆ ಎದೆ ಇಳಿಸಿ ಮುಂದಕ್ಕೆ ಬಾಗುವುದು. ಆಮೇಲೆ ಉತ್ಕಟಾಸನ: ಎದ್ದು ನಿಂತು, ಮತ್ತೆ ಕೂರಲು ಹೋಗಿ, ಕುರ್ಚಿಗೆ ಮೈ ತಾಗುವ ಮುಂಚೆ ನಿಲ್ಲುವುದು. ಓಡಾಟ, ಜಿಮ್ಮು ಎಂದು ಮೈ ಗಟ್ಟಿ ಮಾಡಿಕೊಂಡ ಹುಡುಗರ ತೊಡೆಗಳೂ ನಡುಗಿದವು. ಅಜ್ಜಿ ತೊಡೆಯ ಮೇಲೆ ಕೈ ಊರಿ ಎದ್ದರು, ಕೂತರು, ಮತ್ತೆ ಎದ್ದರು. ಸುಲಭ ಮಾಡಿದ ಪಾಠ ಯಾರಿಗೂ ಸಪ್ಪೆಯಾಗಲಿಲ್ಲ. ಎಲ್ಲರೂ ತಮ್ಮ ತಮ್ಮ ಅಂಚಿನಲ್ಲಿ ನಿಂತಿದ್ದರು.

ಅಂದು ಕೊನೆಯ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯ ಪಕ್ಕದಲ್ಲೇ ನಿಂತು ಎಣಿಸುತ್ತಿದ್ದೆ. ಅವರ ಕೈತುಂಬ ಗಾಜಿನ ಬಳೆ. ಉಸಿರು ತೆಗೆದುಕೊಳ್ಳುತ್ತಾ ಕೈ ಎತ್ತಿದರೆ ಬಳೆಗಳು ಮಣಿಕಟ್ಟಿನಿಂದ ಮೊಣಕೈ ಕಡೆಗೆ ಜಾರುತ್ತಿದ್ದವು, ಜಾರುತ್ತಾ ಸದ್ದು ಮಾಡುತ್ತಿದ್ದವು. ಕೈ ಮೇಲೆ ನಿಂತ ಕ್ಷಣ ಸದ್ದು ನಿಲ್ಲುತ್ತಿತ್ತು. ಅಲ್ಲಿಗೆ ಅವರ ಉಸಿರು ತುಂಬಿತು ಎಂದರ್ಥ. ನಾನು ಇನ್ನೂ ‘ಮೂರು’ ಎನ್ನುತ್ತಿರುವಾಗಲೇ ಬಳೆ ಸುಮ್ಮನಾಗಿತ್ತು. ಮುಂದಿನ ಸುತ್ತಿನಿಂದ ಬಳೆ ನಿಂತ ಕೂಡಲೇ ‘ಉಸಿರು ಬಿಡುತ್ತಾ ಕೆಳಗೆ’ ಎಂದೆ. ಮೂರ್ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಅವರ ಹೆಗಲು ಕಿವಿಯಿಂದ ದೂರ ಸರಿದು ಕೆಳಗಿಳಿಯಿತು. ಇನ್ನೆರಡು ಸುತ್ತಿಗೆ ಉಸಿರು ತಾನೇ ಉದ್ದವಾಗಿ, ಬಳೆಯ ಸದ್ದು ನನ್ನ ಮೂರನ್ನು ದಾಟಿ ಹೋಯಿತು.

ವಿಜ್ಞಾನದ ಟೀಚರಾಗಿದ್ದ ನನಗೆ ಇದರ ಲೆಕ್ಕ ಗೊತ್ತಿತ್ತು. ಆರೋಗ್ಯವಂತ ದೊಡ್ಡವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 20 ಸಲ ಉಸಿರಾಡುವವರಿಗೆ ಒಳಕ್ಕೂ ಹೊರಕ್ಕೂ ಸೇರಿ ಸಿಗುವುದು ಮೂರೇ ಸೆಕೆಂಡು. ಅಂಥವರ ಮುಂದೆ ದೀರ್ಘವಾಗಿ ಎಣಿಸಿದರೆ ಅವರು ಉಸಿರು ಕಟ್ಟಿಕೊಂಡು ಕಾಯುತ್ತಾರೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ತುಸು ಚುರುಕಾಗುತ್ತದೆ. ನೆಮ್ಮದಿ ಬರಬೇಕಾದರೆ ಬಿಡುವ ಉಸಿರಿಗೆ ಜಾಗ ಬೇಕು. ಗಿಡ್ಡ ಉಸಿರಿನವರ ಅಳತೆಗೆ ಎಣಿಸಿದರೆ ಉದ್ದ ಉಸಿರಿನವರಿಗೆ ನಷ್ಟವೇನಿಲ್ಲ. ಅವರು ಎರಡು ಎಣಿಕೆಗೆ ಒಂದು ಉಸಿರು ಮಾಡಿಕೊಳ್ಳಬಲ್ಲರು. ತಿರುಗಾಮುರುಗಾ ಮಾಡಿದರೆ ಮಾತ್ರ ಯಾರೋ ಒಬ್ಬರು ಹೊರಗುಳಿಯುತ್ತಾರೆ. ಅಂದಿನಿಂದ ನನ್ನ ಎಣಿಕೆ ಯಾವಾಗಲೂ ಕೊನೆಯ ಸಾಲಿನಿಂದ ಶುರುವಾಗುತ್ತದೆ.

ಶವಾಸನದ ಹತ್ತು ನಿಮಿಷ ಕಲಿಸುವವರಿಗೆ ಬಿಡುವಲ್ಲ. ಬೆವರಿದ ಮೈಗೆ ಚಳಿ ಹತ್ತದಂತೆ ಫ್ಯಾನ್ ಆರಿಸಬೇಕು. ಡಿಸೆಂಬರಿನಲ್ಲಾದರೆ ಹೊದೆಯಲು ಶಾಲು ತನ್ನಿ ಎಂದು ಹಿಂದಿನ ದಿನವೇ ಹೇಳಿರಬೇಕು. ಸೊಂಟ ನೋವಿನವರ ಮಂಡಿಯ ಕೆಳಗೆ ದಿಂಬು, ಗೂನು ಬೆನ್ನಿನವರ ತಲೆಯ ಕೆಳಗೆ ಮಡಿಸಿದ ಟವೆಲು. ಕುರ್ಚಿಯವರು ಕುರ್ಚಿಯಲ್ಲೇ, ಗೋಡೆಗೆ ಬೆನ್ನು ಕೊಟ್ಟು. ಪಾದದಿಂದ ತಲೆಯವರೆಗೆ ಒಂದೊಂದೇ ಭಾಗ ಹೆಸರಿಸುತ್ತಾ ಹೋಗಿ, ಮುಖಕ್ಕೆ ಬಂದಾಗ ಮಾತು ನಿಲ್ಲಿಸುತ್ತೇನೆ. ಹೊರಗೆ ಹಾಲಿನ ವ್ಯಾನು, ದೂರದ ದೇವಸ್ಥಾನದ ಸುಪ್ರಭಾತ, ಕಸದ ಗಾಡಿಯ ಹಾಡು, ಯಾವುದನ್ನೂ ತಡೆಯಲು ಹೋಗುವುದಿಲ್ಲ. ಎಬ್ಬಿಸುವಾಗಲೂ ಅವಸರವಿಲ್ಲ. ಮೊದಲು ಬೆರಳು ಅಲ್ಲಾಡಿಸಿ, ಬಲಮಗ್ಗುಲಿಗೆ ಹೊರಳಿ, ಕೈ ಊರಿ ನಿಧಾನವಾಗಿ ಏಳಬೇಕು. ತಟ್ಟನೆ ಎದ್ದರೆ ತಲೆ ಸುತ್ತುವವರು ನಮ್ಮಲ್ಲಿ ಬಹಳ ಜನ.

2020ರ ಲಾಕ್‌ಡೌನ್‌ನಲ್ಲಿ ತರಗತಿ ಫೋನಿನೊಳಕ್ಕೆ ಬಂತು. ಜನ ಬಿಡದೆ ಸೇರಿದರು, ಮನೆಯಲ್ಲೇ ಕೂತು ಕಂಗೆಟ್ಟವರಿಗೆ ಅದೊಂದು ಆಸರೆಯಾಗಿತ್ತು. ಆದರೆ ಪುಟ್ಟ ಚೌಕಗಳಲ್ಲಿ ನನಗೆ ಕಾಣುತ್ತಿದ್ದುದು ಕೆಲವರ ಮನೆಯ ಸೂರು, ಕೆಲವರ ಮೊಣಕಾಲು. ಯಾರ ಉಸಿರೂ ಕಾಣುತ್ತಿರಲಿಲ್ಲ. ಕಾಣದಿದ್ದುದರಿಂದ ಪಾಠವನ್ನೇ ಬದಲಿಸಿದೆ. ನಾನು ಎಣಿಸುವುದನ್ನು ಬಿಟ್ಟು, ‘ನಿಮ್ಮ ಉಸಿರಿಗೆ ಐದು ಸಲ’ ಎಂದು ಅವರ ಕೈಗೇ ಒಪ್ಪಿಸಿದೆ. ತಲೆಕೆಳಗಿನ ಆಸನಗಳನ್ನು ಪೂರ್ತಿ ಕೈಬಿಟ್ಟೆ. ಭ್ರಾಮರಿಯ ಹೊತ್ತಿಗೆ ಒಬ್ಬೊಬ್ಬರದೇ ಮೈಕ್ ತೆರೆಸಿ ಝೇಂಕಾರ ಕೇಳುತ್ತಿದ್ದೆ. ಯಾರ ನಾದ ಎಷ್ಟು ಉದ್ದ, ಕೊನೆಯಲ್ಲಿ ನಡುಗುತ್ತದೋ ಇಲ್ಲವೋ, ಅದರಿಂದಲೇ ಅವರ ಸ್ಥಿತಿ ತಿಳಿಯಬೇಕಿತ್ತು. ತಿಳಿಯುತ್ತಿತ್ತು ಕೂಡ.

ದೊಡ್ಡ ಸಮೂಹದ ಯೋಗವನ್ನೂ ನಾನು ಕಂಡಿದ್ದೇನೆ. 2017ರ ಅಂತಾರಾಷ್ಟ್ರೀಯ ಯೋಗ ದಿನದಂದು ನಮ್ಮೂರಿನ ರೇಸ್‌ಕೋರ್ಸ್ ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಆಸನ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅಷ್ಟೊಂದು ಕೈಗಳು ಒಮ್ಮೆಗೇ ಆಕಾಶಕ್ಕೆ ಏಳುವುದು ಮೈ ಜುಮ್ಮೆನಿಸುವ ಸಂಗತಿ. ಯೋಗ ಎಂದರೆ ಏನೆಂದು ಅರಿಯದ ಎಷ್ಟೋ ಜನ ಅದನ್ನು ನೋಡಿ ನಮ್ಮ ತರಗತಿಗೆ ಬಂದರು. ಬಂದವರು ಉಳಿದುಕೊಂಡದ್ದು, ಹತ್ತಿರ ನಿಂತು ತಮ್ಮನ್ನು ಗಮನಿಸುವ ಒಬ್ಬರು ಇಲ್ಲಿ ಸಿಕ್ಕಿದ್ದರಿಂದ. ಹತ್ತಿಪ್ಪತ್ತು ಜನರ ಚಿಕ್ಕ ತರಗತಿಗೆ ಇರುವ ಶಕ್ತಿ ಅದು. ಅದನ್ನು ನಾವು ಕಳೆದುಕೊಳ್ಳಬಾರದು.

ಈಗ ವಾರದಲ್ಲಿ ಕೆಲವು ದಿನ ನಮ್ಮ ತರಗತಿಯಲ್ಲೇ ಕಲಿತವರು ಪಾಠ ನಡೆಸುತ್ತಾರೆ. ಆ ದರ್ಜಿಯೂ ಅವರಲ್ಲಿ ಒಬ್ಬರು. ದಿನವೂ ಹತ್ತಾರು ಮೈಗಳ ಅಳತೆ ತೆಗೆಯುವ ಕಣ್ಣು ಅವರದು, ಯಾರ ಭುಜ ಯಾವ ಕಡೆ ಇಳಿದಿದೆ ಎಂದು ನನಗಿಂತ ಬೇಗ ಹೇಳುತ್ತಾರೆ. ಅವರು ಮೊದಲ ಪಾಠ ನಡೆಸುವ ಹಿಂದಿನ ಸಂಜೆ ನೋಟ್‌ಬುಕ್ ತಂದು ತೋರಿಸಿದರು. ಎಡಪುಟದಲ್ಲಿ ಜನ, ಬಲಪುಟದಲ್ಲಿ ಕೆಳಗಿನಿಂದ ಮೇಲಕ್ಕೆ ಬರೆದ ಪಾಠ, ಪ್ರತಿ ಆಸನದ ಪಕ್ಕದಲ್ಲೂ ಕುರ್ಚಿಯವರಿಗೆ ಏನು ಎಂಬ ಟಿಪ್ಪಣಿ. ನಾನು ಸೇರಿಸಬೇಕಾದ್ದು ಏನೂ ಇರಲಿಲ್ಲ.

ಕಲಿಸಬೇಕೆಂದು ಬರುವ ಹೊಸಬರಿಗೆ ನಾನು ಹೇಳುವುದು ಇಷ್ಟು. ಕಠಿಣ ಆಸನ ನಿಮಗೆ ಬರುತ್ತದೆ ಎಂಬುದು ನಿಮ್ಮ ಸಾಧನೆ, ಅದನ್ನು ಬೆಳಗಿನ ನಾಲ್ಕು ಗಂಟೆಗೆ ನಿಮ್ಮ ಮನೆಯಲ್ಲಿ ಮಾಡಿಕೊಂಡು ಬನ್ನಿ. ತರಗತಿಗೆ ಬಂದ ಮೇಲೆ ಆ ಒಂದು ಗಂಟೆ ನಿಮ್ಮದಲ್ಲ. ಮಂಡಿ ಮಡಚಲಾಗದವರು, ಉಸಿರು ಗಿಡ್ಡವಾದವರು, ನಾಚಿಕೆಯಿಂದ ಮೂಲೆ ಹಿಡಿದವರು ನಿಮ್ಮ ಪಾಠದಲ್ಲಿ ಮೊದಲ ಆಸನದಿಂದ ಕೊನೆಯವರೆಗೂ ಇರಬೇಕು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠ ಬರೆಯಿರಿ, ಉಳಿದವರು ತಾವಾಗಿ ಅದರೊಳಗೆ ಬರುತ್ತಾರೆ. ಇದಕ್ಕೆ ದೊಡ್ಡ ಸಭಾಂಗಣ ಬೇಡ, ದುಬಾರಿ ಮ್ಯಾಟ್ ಬೇಡ. ಜಾರದ ಒಂದು ಕುರ್ಚಿ, ಒರಗಲು ಒಂದು ಗೋಡೆ, ಬಂದವರ ಉಸಿರನ್ನು ಗಮನಿಸುವ ಒಬ್ಬ ಮನುಷ್ಯ ಇದ್ದರೆ ಯಾವ ಬೀದಿಯಲ್ಲಾದರೂ ನಾಳೆಯೇ ತರಗತಿ ಶುರುಮಾಡಬಹುದು.